ಸಂಧ್ಯಾರಾಣಿ ತಂದ ಮೂರು ಕಲ್ಲು

ಹೊನ್ನಾಳಿಯಿಂದ ಬಂದ ತಿಪ್ಪೇಶ್, ಜಗಳೂರು ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಕೂತವನೇ ಕೇಳಿದ್ದು ಅದನ್ನೇ.

“ಸಂಧ್ಯಾರಾಣಿ ತಂದ ಮೂರು ಕಲ್ಲು ಲೆಕ್ಕದಿಂದ ಯಾಕೆ ಬಿಟ್ಟೆ?”

ಯಶೋಧರಾಗೆ ಮೈಯೆಲ್ಲ ಉರಿಯಿತು. ಹೆಂಗಿದೀಯ ಎನ್ನಲಿಲ್ಲ, ಹೊಸ ಚೂಡಿದಾರ್ ನೋಡಲಿಲ್ಲ. ಬಂದಕೂಡಲೇ ಅವಳ ಹೆಸರು!

ಮೂವರದ್ದೂ ಒಂದೇ ಯೂನಿವರ್ಸಿಟಿ, ಒಂದೇ ಸಂಶೋಧನೆ. ತಿಪ್ಪೇಶ್ ಮತ್ತು ಸಂಧ್ಯಾರಾಣಿ ಅಂಟಾರ್ಕ್ಟಿಕಾಗೆ ಹೋಗಿ ಕಲ್ಲು ತಂದಿದ್ದರು. ಮೇಲಿದ್ದ ಹಿಮ ಸರಿದು ಆ ಕಲ್ಲುಗಳು ಆಕಾಶ ಕಂಡು ಎಷ್ಟು ಸಾವಿರ ವರ್ಷವಾಯಿತೆಂದು ಲ್ಯಾಬಿನಲ್ಲಿ ಲೆಕ್ಕ ಹಾಕಿದ್ದರು. ಅದೇ ಹಿಮ ಯಾವಾಗ, ಎಷ್ಟು ಕರಗಿತೆಂದು ಕಂಪ್ಯೂಟರಿನಲ್ಲಿ ಮಾಡೆಲ್ ಕಟ್ಟಿ ಓಡಿಸಿದವಳು ಯಶೋಧರಾ. ಎರಡೂ ತಾಳೆಯಾದರೆ ಅವಳು ಗೆದ್ದಂತೆ. ತಾಳೆಯಾಗಿಯೂ ಇತ್ತು, ಆ ಮೂರು ಕಲ್ಲು ಬಿಟ್ಟರೆ.

“ಅವು ಹಿಮ ಬೇರೆ ಕಡೆಯಿಂದ ಹೊತ್ತು ತಂದಿರೋ ಹಳೇ ಕಲ್ಲು. ನಂಬಾಕೆ ಆಗಲ್ಲ.”

“ಹಂಗಿದ್ರೆ ಒಂದೊಂದೂ ಒಂದೊಂದು ವಯಸ್ಸು ಹೇಳ್ಬೇಕಿತ್ತು. ಮೂರೂ ಹದಿನಾಲ್ಕು ಸಾವಿರ ವರ್ಷ ಅಂತಾವೆ.” ಮಿರ್ಚಿ ಮುರಿದು ಅರ್ಧ ಅವಳ ಮಂಡಕ್ಕಿ ತಟ್ಟೆಗೆ ಹಾಕಿ, ಕಣ್ಣಲ್ಲೇ ನಕ್ಕ. “ಸಿಟ್ಟು ಕಲ್ಲಿನ ಮೇಲೋ, ತಂದವಳ ಮೇಲೋ?”

ಹಾಳಾದ ಕಣ್ಣು! ಅದರ ಮುಂದೆ ಸುಳ್ಳು ಹೇಳಲು ಅವಳಿಗೆ ಎಂದೂ ಬಂದಿರಲಿಲ್ಲ.

“ತಂದವಳ ಮೇಲೆ. ಅಲ್ಲಿಂದ ಬಂದಾಗಿಂದ ಬಾಯಿ ಬಿಟ್ರೆ ಸಂಧ್ಯಾ, ಸಂಧ್ಯಾ. ನಂಗೆ ಹೊಟ್ಟೆಕಿಚ್ಚು ಕಣೋ. ನೀನಂದ್ರೆ ನಂಗೆ ಜೀವ. ಅಷ್ಟೂ ಗೊತ್ತಾಗಲ್ವಾ ನಿಂಗೆ?”

ಅವನು ಉತ್ತರಿಸುವ ಮೊದಲೇ ಲ್ಯಾಪ್‌ಟಾಪ್ ತೆರೆದಳು. ಅವನು ಏನಾದರೂ ಅನ್ನಲಿ, ಕಲ್ಲು ಮಾಡಿದ ತಪ್ಪೇನು? ಮೂರನ್ನೂ ಮರಳಿ ಸೇರಿಸಿದಳು. ಮಾಡೆಲ್‌ನ ಗೆರೆ ಒಂದು ಕಡೆ, ಕಲ್ಲುಗಳ ಚುಕ್ಕಿ ಇನ್ನೊಂದು ಕಡೆ. ವರ್ಷದ ದುಡಿಮೆ ನೀರಿನಲ್ಲಿ ಹೋಮ ಮಾಡಿದಂತಾಯಿತು.

“ಸರಿಮಾಡಿ ಮತ್ತೆ ಓಡಿಸಾಕೆ ಎಷ್ಟು ದಿನ ಬೇಕು?” ಅವನ ದನಿ ಮೆತ್ತಗಾಗಿತ್ತು.

“ಆರು ತಿಂಗಳು.”

“ಹಂಗಾದ್ರೆ ಮದುವೆ ಆದ್ಮೇಲೇ ಮುಗಿಯೋದು.”

“ಯಾರ ಮದುವೆ? ಅವಳದಾ?” ಯಶೋಧರಾ ಕಿಡಿಕಿಡಿಯಾದಳು.

“ನಿಂದೇ ಕಣೆ, ನನ್ನ ಜೊತೆ. ಕಲ್ಲಿನ ಮಾತಾಗಿದ್ರೆ ಫೋನಲ್ಲೇ ಮುಗೀತಿತ್ತು. ನಾನು ಬಂದಿರೋದು ನಿಮ್ಮಪ್ಪನ್ನ ಕೇಳಾಕೆ.”

ಅವಳ ಕಣ್ಣು ತುಂಬಿ ಬಂತು. ದುಪಟ್ಟಾದ ತುದಿಯಿಂದ ಒರೆಸಿಕೊಂಡಳು. ಮೇಜಿನ ಮೇಲಿದ್ದ ಅವನ ಕೈ ಹಿಡಿದಳು.

“ಮದುವೆಗೆ ಅವಳನ್ನ ಕರೀತೀಯಾ?”

“ಕರೀಬೇಕಲ್ಲ.”

“ಕರಿ. ಊಟ ನಾನೇ ಬಡಿಸ್ತೀನಿ. ಆ ಪಂಕ್ತಿ ಕಡೆ ಮಾತ್ರ ನೀನು ಸುಳಿಯಂಗಿಲ್ಲ.”