ಅದೇ ಕ್ಷಣದ ಇನ್ನೊಂದು ಸಾಲು

“ಲಾಗ್‌ನ್ಯಾಗ ಪ್ರಭುಲಿಂಗ ಅವರ ಹೆಸರ ಐತ್ರಿ, ಸರ್.”

ಮಾತು ಬಾಯಿಂದ ಹೊರಬಿದ್ದ ಮೇಲೆಯೇ ಯಶೋಧರಾ ತಲೆ ಎತ್ತಿದ್ದು. ಎದುರಿಗೇ ಪ್ರಭುಲಿಂಗ ನಿಂತಿದ್ದ. ಬಿಳಿ ಕೋಟಿನ ತೋಳು ಇನ್ನೂ ಮೊಣಕೈವರೆಗೆ ಮಡಚಿಯೇ ಇತ್ತು. ಅವಳನ್ನೇ ನೋಡುತ್ತಿದ್ದ... ಮೊದಲ ಬಾರಿಗೆ ನೋಡುವವನಂತೆ!

ಮುಧೋಳದ ಆ ಖಾಸಗಿ ಆಸ್ಪತ್ರೆಯಲ್ಲಿ ಬೆಳಗಿನಿಂದ ಯಾರ ಜೀವವೂ ಜಾಗದಲ್ಲಿರಲಿಲ್ಲ. ಲೋಕಾಪುರದಿಂದ ಹೆರಿಗೆಗೆ ಬಂದಿದ್ದ ಗಂಗಾಂಬಿಕಾಗೆ ವಿಪರೀತ ರಕ್ತಸ್ರಾವವಾಗಿತ್ತು. ರಕ್ತ ಏರಿಸಬೇಕಿತ್ತು. ಆಸ್ಪತ್ರೆಯ ಲ್ಯಾಬ್ ಕೊಟ್ಟ ವರದಿಯಲ್ಲಿ ‘ಬಿ ಪಾಸಿಟಿವ್’ ಎಂದು ಅಚ್ಚಾಗಿತ್ತು. ರಕ್ತನಿಧಿಯವರು ಕೊಡುವ ಮುಂಚೆ ತಾವೂ ಒಮ್ಮೆ ಹೊಂದಿಸಿ ನೋಡಿದ್ದಕ್ಕೆ ಬಚಾವಾಯಿತು. ಆಕೆಯದು ‘ಓ ಪಾಸಿಟಿವ್’!

ಬಾಣಂತಿ ಉಳಿದಳು. ಆದರೆ ಆಕೆಯ ಅಣ್ಣ ದುರಗೇಶ ಸುಮ್ಮನಾಗಲಿಲ್ಲ.

“ನನ್ನ ತಂಗೀನ ಕೊಲ್ಲತಿದ್ರಲ್ಲೋ! ಯಾವನಂವಾ? ಹೊರಗ ಕಳಸ್ರಿ ಅವನ್ನ!”

ಆಸ್ಪತ್ರೆಯ ಯಜಮಾನರಾದ ಡಾಕ್ಟರ್ ರಾಜಕುಮಾರ ಅವರು ಯಶೋಧರಾಳನ್ನು ಕರೆಸಿದ್ದರು. ಆಸ್ಪತ್ರೆಯ ಕಂಪ್ಯೂಟರುಗಳೆಲ್ಲ ಅವಳ ಜವಾಬ್ದಾರಿ. ಅವಳು ಕಪ್ಪು ಪರದೆ ತೆರೆದು, ಗ್ರೆಪ್ ಎಂಬ ಕಮಾಂಡಿಗೆ ಗಂಗಾಂಬಿಕಾಳ ದಾಖಲಾತಿ ನಂಬರು ಕೊಟ್ಟಳು. ನಡೆದದ್ದನ್ನೆಲ್ಲ ವೇಳೆಯೊಂದಿಗೆ ಬರೆದಿಡುವ, ಸಾವಿರಾರು ಸಾಲುಗಳ ಲಾಗ್‌ನಿಂದ ಬೇಕಾದ ಸಾಲನ್ನಷ್ಟೇ ಹೆಕ್ಕಿ ಕೊಡುವ ಕಮಾಂಡು ಅದು. ಒಂದೇ ಸಾಲು ಬಂತು. ಬಿ ಪಾಸಿಟಿವ್. ಪಕ್ಕದಲ್ಲಿ ಲ್ಯಾಬ್ ಟೆಕ್ನಿಶಿಯನ್ ಪ್ರಭುಲಿಂಗನ ಹೆಸರು.

“ನಾ ಓ ಅಂತನ ಹಾಕೇನ್ರಿ ಸರ್. ಕಣ್ಣಾರೆ ನೋಡಿ ಹಾಕೇನಿ,” ಎಂದ ಅವನು.

“ಹಂಗಾರ ಕಂಪ್ಯೂಟರ್ ಸುಳ್ಳು ಹೇಳತೈತೇನು?” ಎಂದರು ಡಾಕ್ಟರ್.

ಅವನು ಯಶೋಧರಾಳತ್ತ ತಿರುಗಿದ. ಏನಾದರೂ ಹೇಳುವಳೆಂದು ಕಾದ.

“ಅಲ್ಲಿ... ಅಲ್ಲಿ ಇದ್ದದ್ದನ್ನ ಹೇಳೇನ್ರಿ,” ಎಂದಷ್ಟೇ ಅಂದಳು ಅವಳು.

ನಾಳೆಯಿಂದ ಬರಬೇಡ ಎಂದರು ಡಾಕ್ಟರ್. ಅವನು ಕೋಟು ಕಳಚಿ ಕುರ್ಚಿಯ ಮೇಲಿಟ್ಟು ಹೊರಟ. ಮೆಟ್ಟಿಲ ಬಳಿ ಅವಳು ಓಡಿಬಂದು ತಡೆದಳು.

“ಪ್ರಭುಲಿಂಗ, ಒಂದ್ ನಿಮಿಷ ನಿಂದರ್ರಿ...”

“ಹೋದ ವಾರ ನಿಮಗೊಂದ್ ಮಾತ ಕೇಳಿದ್ನಿ,” ಎಂದ ಅವನು. “ಮದಿವಿ ಆಗೂಣೇನು ಅಂತ. ವಿಚಾರ ಮಾಡಿ ಹೇಳತೇನಿ ಅಂದ್ರಿ. ಇಲ್ಲ ಅನ್ನೂದಿತ್ತಂದ್ರ ಇಲ್ಲ ಅನ್ನಬೇಕಿತ್ತಲ್ರಿ. ಅದಕ್ಕ ಇಷ್ಟ ದೂರ ಹೋಗಬೇಕಿತ್ತೇನು?”

“ಅಯ್ಯೋ, ಹಂಗಲ್ರಿ! ಅದಕೂ ಇದಕೂ...”

ಅವನು ಇಳಿದು ಹೋಗಿಬಿಟ್ಟ.

ಅವತ್ತಿನಿಂದ ಅವನು ಫೋನ್ ಎತ್ತಲಿಲ್ಲ. ಊಟಕ್ಕೆ ಕೂತಾಗ ನರ್ಸುಗಳು ಅವನ ಮಾತೇ ಆಡಿದರು. “ಬನಹಟ್ಟ್ಯಾಗ ನೇಯಕೋಂತ ಇರಬೇಕಿತ್ತು, ಇಲ್ಯಾಕ ಬಂದ್ನೋ,” ಎಂದು ಯಾರೋ ನಕ್ಕಾಗ ಯಶೋಧರಾ ಡಬ್ಬಿ ಮುಚ್ಚಿ ಎದ್ದಳು.

*ಹೌದೆನ್ನಬೇಕೆಂದೇ ಇದ್ದೆನಲ್ಲ...! ಅಪ್ಪನಿಗೆ ಹೇಗೆ ಹೇಳುವುದೆಂದು ತಡಮಾಡಿದೆ, ಅಷ್ಟೇ.*

ತೇರದಾಳದ ಜೈನ ಮನೆತನ ಅವರದು. ಅಪ್ಪ ಪಾರಿಸಪ್ಪ ಬದುಕಿಗಾಗಿ ಮುಧೋಳಕ್ಕೆ ಬಂದು ನೆಲೆಸಿದವರು. ನೇಕಾರರ ಹುಡುಗನನ್ನು ಒಪ್ಪುತ್ತಾರೋ ಇಲ್ಲವೋ ಎಂಬ ಅಂಜಿಕೆ ಅವಳನ್ನು ಕಟ್ಟಿಹಾಕಿತ್ತು.

ಪ್ರಭುಲಿಂಗ ಕೆಲಸ ಮಾಡುವ ರೀತಿ ಅವಳಿಗೆ ಗೊತ್ತಿರಲಿಲ್ಲವೇ? ಸೂಜಿ ಚುಚ್ಚುವ ಮೊದಲು ರೋಗಿಯ ಹೆಸರನ್ನು ಅವರ ಬಾಯಿಂದಲೇ ಹೇಳಿಸುತ್ತಿದ್ದ. ಗಾಜಿನ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮತ್ತೆ ನೋಡಿ, ಆಮೇಲೇ ಬರೆಯುತ್ತಿದ್ದ. “ಎಷ್ಟ್ ಸಾವಕಾಶ್ರೀ ನಿಮ್ದು,” ಎಂದು ಅವಳೇ ಕಾಡಿಸಿದ್ದಳು. ಅಂಥವನು ಓ ನೋಡಿ ಬಿ ಬರೆಯುತ್ತಾನೆಯೇ?

*ಅಂದು ನಾನು ಹುಡುಕಿದ್ದಾದರೂ ಏನು? ಗಂಗಾಂಬಿಕಾಳ ನಂಬರೊಂದನ್ನೇ!* ನಂಬರು ಕೊಟ್ಟರೆ ಆ ನಂಬರಿರುವ ಸಾಲಷ್ಟೇ ಬರುತ್ತದೆ. ಅಕ್ಕಪಕ್ಕದಲ್ಲಿ ಏನಾಯಿತೆಂದು ಅವಳು ಕೇಳಿಯೇ ಇರಲಿಲ್ಲ.

ಸರ್ವರ್ ಕೋಣೆಗೆ ಓಡಿದಳು. ಈ ಸಲ ನಂಬರು ಬಿಟ್ಟು ಆ ವರದಿ ಅಚ್ಚಾದ ವೇಳೆಯನ್ನು ಕೊಟ್ಟಳು.

ಎರಡು ಸಾಲು ಬಂದವು!

ಅದೇ ಕ್ಷಣದಲ್ಲಿ ಕೆಳಗಿನ ಕೌಂಟರಿನಿಂದಲೂ ಒಂದು ವರದಿ ಅಚ್ಚಾಗಿತ್ತು. ಬೇರೊಬ್ಬ ರೋಗಿಯದು. ಬಿ ಪಾಸಿಟಿವ್.

ಆದರೆ ಎರಡು ಸಾಲು ಜೊತೆಗಿವೆ ಎಂದರೆ ಯಾರೂ ಒಪ್ಪುವುದಿಲ್ಲ. ವರದಿಯ ಪ್ರೋಗ್ರಾಂ ಒಳಗೆ ಏನು ಮಾಡುತ್ತಿದೆ ಎಂಬುದನ್ನೇ ನೋಡಬೇಕು. ಕೌಂಟರಿನ ಶೀತಲ್‌ಗೆ ಫೋನ್ ಮಾಡಿದಳು.

“ಶೀತಲ್, ಎರಡು ಸುಳ್ಳ ಹೆಸರಿನ ರಿಪೋರ್ಟ್ ಮಾಡಿಟ್ಟೇನಿ. ನಾ ‘ಹೂಂ’ ಅಂದಕೂಡ್ಲೆ ನೀ ಒಂದನ್ನ ಪ್ರಿಂಟ್ ಕೊಡವಾ. ಇನ್ನೊಂದನ್ನ ನಾ ಇಲ್ಲಿಂದ ಕೊಡತೇನಿ.”

“ಏನ್ ನಡಸೀರಕ್ಕಾ?”

“ಒಬ್ಬರ ಮಾನದ್ ಪ್ರಶ್ನೆ ಐತಿ. ಆಮ್ಯಾಲೆ ಹೇಳತೇನಿ.”

ಸ್ಟ್ರೇಸ್ ಎಂಬ ಕಮಾಂಡನ್ನು ಓಡುತ್ತಿದ್ದ ಪ್ರೋಗ್ರಾಮಿಗೆ ಹಚ್ಚಿದಳು. ಪ್ರೋಗ್ರಾಂ ಯಾವ ಫೈಲು ತೆರೆಯಿತು, ಏನು ಬರೆಯಿತು, ಏನು ಓದಿತು, ಎಲ್ಲವೂ ಪರದೆಯ ಮೇಲೆ ಹರಿಯತೊಡಗಿತು. ಮೊದಲ ಸಲ ಏನೂ ಆಗಲಿಲ್ಲ. ಮತ್ತೆ ಮಾಡಿದರು. ಮತ್ತೂ ಮಾಡಿದರು. ಶೀತಲ್ ಬೇಸತ್ತು “ಸಾಕ್ರಕ್ಕಾ” ಅಂದಾಗ ಯಶೋಧರಾಳ ಕಣ್ಣಲ್ಲಿ ನೀರೇ ಬಂತು.

“ಇನ್ನೊಂದ ಸಲ, ಕೈ ಮುಗಿತೇನಿ. ಹೂಂ!”

ಈ ಸಲ ಸಿಕ್ಕಿತು!

ಪ್ರೋಗ್ರಾಂ ಒಬ್ಬರ ಫಲಿತಾಂಶವನ್ನು ಒಂದು ತಾತ್ಕಾಲಿಕ ಫೈಲಿಗೆ ಬರೆಯಿತು. ಅದನ್ನು ಓದಿಕೊಳ್ಳುವ ಮೊದಲೇ ಇನ್ನೊಬ್ಬರದನ್ನೂ ಅದೇ ಫೈಲಿನ ಮೇಲೆ ಬರೆದುಬಿಟ್ಟಿತು. ಆಮೇಲೆ ಓದಿದ್ದನ್ನೇ ಅಚ್ಚು ಮಾಡಿ, ದಾಖಲೆಗೂ ಅದನ್ನೇ ಸೇರಿಸಿತು. ಹೆಸರು ಒಬ್ಬರದು, ರಕ್ತದ ಗುಂಪು ಇನ್ನೊಬ್ಬರದು. ಪಕ್ಕದಲ್ಲಿ ಮಾತ್ರ ಪ್ರಿಂಟ್ ಕೊಟ್ಟವರ ಹೆಸರು!

*ಅವರು ಓ ಅಂತಲೇ ಹಾಕಿದ್ದರು... ನಾನು ಎಲ್ಲರೆದುರು ಏನಂದುಬಿಟ್ಟೆ!* ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಅಳುತ್ತ ಕೂರಲು ವೇಳೆ ಇರಲಿಲ್ಲ. ಇನ್ನೆಷ್ಟು ವರದಿ ಹೀಗೆ ಅದಲುಬದಲಾಗಿವೆಯೋ! ಡಾಕ್ಟರ ಕೋಣೆಗೆ ಹೋಗಿ ಎಲ್ಲವನ್ನೂ ತೋರಿಸಿದಳು. ಅವರು ಎದ್ದು ಬಾಗಿಲು ಹಾಕಿದರು.

“ಪ್ರೋಗ್ರಾಂ ರಿಪೇರಿ ಮಾಡಸೂಣವಾ. ಆದ್ರ ಈ ಮಾತ ಹೊರಗ ಹೋಗೂದು ಬ್ಯಾಡ. ಆ ಹುಡುಗ ಹೋಗ್ಯಾನ, ಮಂದೀನೂ ತಣ್ಣಗಾಗ್ಯಾರ. ಮತ್ಯಾಕ ಕೆದರತಿ?”

ಕೆಲಸ ಹೋದೀತು. ಹೋಗಲಿ!

“ಪ್ರೋಗ್ರಾಂ ಬಂದ್ ಮಾಡೇ ಬಂದೇನ್ರಿ ಸರ್. ಹಳೇ ರಿಪೋರ್ಟ್ ಎಲ್ಲಾ ತಪಾಸ ಆಗಬೇಕ್ರಿ. ಅವರ ಹೆಸರ ನಾ ಎಲ್ಲಾರ ಮುಂದ ಹೇಳೇನಿ. ಅವರ ತಪ್ಪಲ್ಲಂತನೂ ಎಲ್ಲಾರ ಮುಂದನ ಹೇಳಬೇಕು. ನೀವು ಹೇಳಲಿಲ್ಲಂದ್ರ ನಾ ದುರಗೇಶ ಅವರ ಮನಿಗೆ ಹೋಗಿ ಹೇಳತೇನಿ.”

“ನೌಕರಿ ಮ್ಯಾಲೆ ಆಸೆ ಇಲ್ಲೇನು?”

“ಐತ್ರಿ. ಆದ್ರ ನಾಳೆ ಇನ್ನೊಬ್ಬ ಗಂಗಾಂಬಿಕಾ ಬರತಾಳ್ರಿ, ಸರ್.”

ಡಾಕ್ಟರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸಂಜೆ ಸಿಬ್ಬಂದಿಯನ್ನೆಲ್ಲ ಸೇರಿಸಿ, ದುರಗೇಶನನ್ನೂ ಕರೆಸಿ, ನಡೆದದ್ದನ್ನು ಅವರೇ ಹೇಳಿದರು. ದುರಗೇಶ ಮೊದಲು ಕೂಗಾಡಿದ. ಆಮೇಲೆ ತಲೆ ತಗ್ಗಿಸಿ, “ಆ ಹುಡುಗ್ಗ ಬಾಯಿಗೆ ಬಂದಂಗ ಬೈದಿದ್ನಲ್ರಿ...” ಎಂದ.

ಮನೆಯಲ್ಲಿ ಯಶೋಧರಾ ಅಪ್ಪನೆದುರು ಕೂತು ಎಲ್ಲವನ್ನೂ ಹೇಳಿಬಿಟ್ಟಳು. ತಪ್ಪನ್ನೂ, ಪ್ರೀತಿಯನ್ನೂ. ಪಾರಿಸಪ್ಪ ಕೇಳಿಸಿಕೊಂಡು ಇಷ್ಟೇ ಅಂದರು, “ಮದಲ ಹೋಗಿ ಅವನ ಕ್ಷಮಾ ಕೇಳವಾ. ನನ್ನ ಕೇಳೂದು ಆಮ್ಯಾಲೆ.”

ಮರುದಿನ ಮಹಾಲಿಂಗಪುರದ ಮೇಲೆ ಹಾಯ್ದು ಹೋಗುವ ಬಸ್ಸು ಹಿಡಿದು ಬನಹಟ್ಟಿಯಲ್ಲಿ ಇಳಿದಳು. ಓಣಿ ತುಂಬ ಮಗ್ಗಗಳ ಖಟಖಟ ಸದ್ದು. ಬಾಗಿಲಲ್ಲಿ ನೂಲು ಸುತ್ತುತ್ತಿದ್ದ ಅವನ ತಾಯಿ ಬನಶಂಕರಿ, ಹೆಸರು ಕೇಳಿ ಮುಖ ಬಿಗಿದುಕೊಂಡರು.

“ಮಗಾ ಊಟ ಬಿಟ್ಟಾನ. ಏನ್ ಹೇಳಾಕ ಬಂದಿ?”

“ತಪ್ಪು ನಂದೈತ್ರಿ ಅವ್ವಾರ. ಅದನ್ನ ಹೇಳಾಕ ಬಂದೇನಿ.”

ಮುದುಕಿ ಅವಳ ಮುಖ ನೋಡಿ ಒಳಗೆ ಕೈ ತೋರಿಸಿದರು.

ಪ್ರಭುಲಿಂಗ ಮಗ್ಗದ ಬಳಿ ಇದ್ದ. ಗಡ್ಡ ಬೆಳೆದಿತ್ತು. ಅವಳನ್ನು ಕಂಡು ಮಗ್ಗ ನಿಲ್ಲಿಸಿದ. ಅವಳು ನಡೆದದ್ದೆಲ್ಲ ಹೇಳಿದಳು. ಡಾಕ್ಟರ್ ವಾಪಸ್ ಕರೆದಿದ್ದಾರೆಂದೂ ಹೇಳಿದಳು. ಅವನ ಮುಖ ಅರಳಲಿಲ್ಲ.

“ಪ್ರೋಗ್ರಾಮಿನ್ಯಾಗ ತಪ್ಪು ಸಿಕ್ಕಿತು, ನನ್ನ ನಂಬಿದ್ರಿ. ಸಿಗಲಿಲ್ಲಂದ್ರ?”

ಈ ಪ್ರಶ್ನೆಗೆ ಅವಳು ಬಸ್ಸಿನುದ್ದಕ್ಕೂ ಅಂಜಿದ್ದಳು.

“ನೀವು ಹಂಗ ಮಾಡವರಲ್ಲ ಅಂತ ಅನಿಸಿದ್ದಕ್ಕನ ಮತ್ತ ಹುಡುಕಾಕ ಕುಂತೇನ್ರಿ. ಆದ್ರ ಅವತ್ತ ಡಾಕ್ಟರ್ ಖೋಲ್ಯಾಗ ನಿಮ್ಮ ಪರ ಒಂದ ಮಾತ ಆಡಲಿಲ್ಲ. ಆಡಬೇಕಿತ್ತ್ರಿ...” ಕಣ್ಣೀರು ಧಾರೆಯಾಯಿತು. “ನೀವು ಕೇಳಿದ್ದಕ್ಕ ಹೌದು ಅನ್ನೂದಿತ್ತು. ಅಪ್ಪಗ ಹೇಳಾಕ ಅಂಜಿದ್ನಿ. ಈಗ ಹೇಳಿ ಬಂದೇನಿ. ನಿಮ್ಮ ಮನಸ ಬದಲಾಗಿದ್ರ ಹೇಳಿಬಿಡ್ರಿ, ಹೊಳ್ಳಿ ಹೋಗತೇನಿ.”

ಅವನು ಕೈಗಂಟಿದ್ದ ನೂಲಿನ ಎಳೆಗಳನ್ನು ಒಂದೊಂದಾಗಿ ಬಿಡಿಸಿಕೊಂಡ. ಆಮೇಲೆ ಹತ್ತಿರ ಬಂದು ಅವಳ ಕೆನ್ನೆ ಒರೆಸಿದ.

“ಅಳಬ್ಯಾಡ, ಯಶೋಧರಾ.”

ಅವನು ‘ರಿ’ ಬಿಟ್ಟು ಕರೆದದ್ದು ಅದೇ ಮೊದಲು. ಅವಳಿಗೆ ಇನ್ನಷ್ಟು ಅಳು ಬಂತು.

“ಸಿಟ್ಟ ಹೋತೇನು?”

“ಪೂರಾ ಹೋಗಿಲ್ಲ. ಸ್ವಲ್ಪ ದಿನಾ ಇರತೈತಿ.”

“ಇರಲಿ...” ಅವಳು ಅವನ ಕೈ ಬಿಡಲಿಲ್ಲ. “ಹೋಗೂತನಕ ನಾ ಕಾಯತೇನಿ.”

“ಕಾಯೂದೇನೋ ಛಲೋ ಐತಿ,” ಅವನ ಕಣ್ಣಲ್ಲೂ ನೀರಿತ್ತು, “ಮದಲ ಕುಂದರು. ಇಬ್ಬರೂ ಕೂಡಿ ಉಣ್ಣೂಣು.”