ವಾಲ್ಟ್ಸಿನ ನಾಲ್ಕು ತಗಡು

ಕುಲುಮೆಗೆ ಹೋಗಬೇಕಿದ್ದ ಹನ್ನೆರಡು ತಗಡುಗಳಲ್ಲಿ ನಾಲ್ಕು ಕಾಣೆಯಾಗಿದ್ದವು.

ಲಂಡನ್ನಿನ ಟ್ರೆಸಿಲಿಯನ್ ಸಂಗೀತ ಪ್ರಕಾಶನದಲ್ಲಿ ಮೂರು ತಲೆಮಾರಿನಿಂದ ತವರದ ತಗಡಿನ ಮೇಲೆ ಸ್ವರಗಳನ್ನು ತಿರುವುಮುರುವಾಗಿ ಕೆತ್ತಿ, ಮಸಿ ಹಚ್ಚಿ ಅಚ್ಚೊತ್ತುತ್ತಿದ್ದರು. ಮಾರಾಟ ನಿಂತ ಕೃತಿಯ ತಗಡು ಕರಗಿ ಹೊಸದಾಗುತ್ತಿತ್ತು. ಮಹಾಯುದ್ಧ ಮುಗಿದ ಮರುವರ್ಷ, ಯಜಮಾನ ಆಂಬ್ರೋಸ್ ವಾಲ್ಟ್ಸ್ ಎಂಬ ಕುಣಿತದ ಒಂದು ಹಳೆಯ ಕೃತಿಯ ಹನ್ನೆರಡು ತಗಡುಗಳನ್ನು ಕರಗಿಸಲು ಹೇಳಿದ್ದ.

"ಕಪಾಟಿನ ಬೀಗ ಒಡೆದಿಲ್ಲ," ಎಂದ ಆಂಬ್ರೋಸ್. "ಒಂದು ಕೀಲಿ ನಮ್ಮನೇಲಿ, ಇನ್ನೊಂದು ಈ ಮೇಸ್ತ್ರಿ ಪ್ಯಾಸ್ಕೋ ಹತ್ತಿರ. ತವರಕ್ಕೆ ಈಗ ಒಳ್ಳೇ ಬೆಲೆ. ಇನ್ನೇನು ಸಾಕ್ಷಿ ಬೇಕು? ಇವತ್ತೇ ಕೆಲಸದಿಂದ ತೆಗೀತೀನಿ."

ಅವನು ಕರೆಸಿದ್ದ, ಪೊಲೀಸ್ ಕೆಲಸದಿಂದ ನಿವೃತ್ತನಾಗಿದ್ದ ಗಾರ್ಸೈಡ್ ಪ್ಯಾಸ್ಕೋನ ತೋಳುಗಳನ್ನು ನೋಡಿದ.

"ಹನ್ನೆರಡನ್ನೂ ಎತ್ತಬಲ್ಲೆಯಾ?"

"ದಿನಾ ಎತ್ತೋದೇ ಅದು, ಸಾಹೇಬ್ರೇ."

"ಆ ವಾಲ್ಟ್ಸ್ ಕೆತ್ತಿದ್ದು ಯಾರು?"

ಪ್ಯಾಸ್ಕೋ ಯಜಮಾನನ ಮುಖ ನೋಡಿದ.

"ಯಾರೋ ಕೆಲಸದವರು," ಎಂದ ಆಂಬ್ರೋಸ್.

ಗಾರ್ಸೈಡ್ ಇನ್ನೊಂದು ಕೀಲಿ ನೋಡಬೇಕೆಂದ. ಇಬ್ಬರೂ ಮನೆಗೆ ಹೋದರು. ಆಂಬ್ರೋಸನ ಹೆಂಡತಿ ಲೆಟಿಸ್ ಚಹಾ ತಂದಿಟ್ಟಳು. ಅವಳ ಕೊರಳ ಪದಕದಲ್ಲಿ ಸಿಪಾಯಿ ಉಡುಪಿನ ಯುವಕನೊಬ್ಬನ ಪುಟ್ಟ ಚಿತ್ರವಿತ್ತು.

"ಬೆರಳ ತುದಿ ಕಪ್ಪಾಗಿದೆಯಲ್ಲಮ್ಮಾ?"

"ಒಲೆ ಇದ್ದಿಲು."

"ಇದ್ದಿಲು ತೊಳೆದರೆ ಹೋಗುತ್ತೆ," ಗಾರ್ಸೈಡ್ ಮೆಲ್ಲಗೆ ಹೇಳಿದ. "ಕೆತ್ತನೆಯ ಗೆರೆಯೊಳಗೆ ಉಳಿದ ಅಚ್ಚಿನ ಮಸಿ ಹೋಗಲ್ಲ. ಕಳ್ಳ ಯಾಕೆ ನಾಲ್ಕೇ ತಗೊಂಡ ಅಂತ ಯಾರೂ ಕೇಳಲಿಲ್ಲ, ಟ್ರೆಸಿಲಿಯನ್. ದುಡ್ಡಿನ ಆಸೆಯಿಂದ ಬಂದವನು ಅಷ್ಟನ್ನೂ ಒಯ್ತಿದ್ದ. ಇದು ತೋಳಲ್ಲಿ ಬಲ ಇಲ್ಲದವರ ಕೆಲಸ. ಒಯ್ದದ್ದನ್ನ ಮಾರಿಲ್ಲ, ದಿನಾ ಸವರ್ತಿದಾರೆ. ಅಮ್ಮಾ, ಅದನ್ನ ಕೆತ್ತಿದ್ದು ನಿಮ್ಮ ಮಗನೇ?"

ಲೆಟಿಸ್ ಒಳಗೆ ಹೋದಳು. ಉಣ್ಣೆಯ ಶಾಲಿನಲ್ಲಿ ಸುತ್ತಿದ್ದ ತಗಡುಗಳನ್ನು ಎದೆಗವಚಿ ತಂದು ಮೇಜಿನ ಮೇಲಿಟ್ಟಳು.

"ಪ್ಯಾಸ್ಕೋ ತಲೆಗೆ ಬರುತ್ತೆ ಅಂತ ಗೊತ್ತಿರಲಿಲ್ಲ," ಎಂದಳು. "ಯುದ್ಧಕ್ಕೆ ಹೋದ ರೂಪರ್ಟ್‌ಗೆ ಅಲ್ಲಿ ಗೋರಿಯೂ ಇಲ್ಲ. ಅವನ ಕೈ ಆಡಿದ್ದು ಇದೊಂದರ ಮೇಲೇ."

"ನನ್ನನ್ನ ಕೇಳಿದ್ದರೆ ಕೊಡ್ತಿರಲಿಲ್ವಾ?" ಎಂದ ಆಂಬ್ರೋಸ್.

"ಅವನ ಹೆಸರೆತ್ತಿದರೆ ಊಟ ಬಿಟ್ಟು ಎದ್ದು ಹೋಗ್ತಿದ್ರಿ. ಹೇಗೆ ಕೇಳ್ಲಿ?"

"ಕಪಾಟಿನ ಮುಂದೆ ಹೋದರೆ ಉಸಿರು ಕಟ್ತಿತ್ತು, ಲೆಟಿಸ್. ಅದಕ್ಕೇ ಕರಗಿಸು ಅಂದೆ."

ಅವಳು ಒಂದು ತಗಡನ್ನು ಅವನತ್ತ ಸರಿಸಿದಳು. ಆಂಬ್ರೋಸ್ ಮುಟ್ಟಿದ. ಕೊನೆಯ ಸಾಲಿನಲ್ಲಿ ಉಳಿ ಜಾರಿದ ಸಣ್ಣ ಗೀರು ಬೆರಳಿಗೆ ತಾಗಿತು.

"ನಾಲ್ಕಕ್ಕಿಂತ ಹೊರೋಕಾಗಲಿಲ್ಲ," ಎಂದಳು ಲೆಟಿಸ್. "ಉಳಿದ ಎಂಟನ್ನ ನೀವೇ ತಂದುಕೊಡ್ರಿ."

ಆಂಬ್ರೋಸ್ ತಗಡನ್ನು ಮತ್ತೆ ಶಾಲಿನಲ್ಲಿ ಸುತ್ತಿದ. ಆ ಎಂಟನ್ನು ಬೆಳಿಗ್ಗೆಯೇ ಅವನು ತಾನೇ ನಿಂತು ಕುಲುಮೆಗೆ ಹಾಕಿಸಿದ್ದ.