ಅಂಗಿಯ ಅಳತೆ

“ಈ ಗೋಡೆ ಮುಗಿಯೋವರೆಗೂ ನಿನ್ನ ಅಳತೆ ಯಾರಿಗೂ ಕೊಡಬೇಡ ಮಗಾ,” ಎಂದಳು ತೋಟ ಗುಡಿಸುವ ಮುದುಕಿ. “ಕಂಡಿ ಮುಚ್ಚೋನನ್ನ ಇದು ನುಂಗತ್ತೆ. ಇನ್ನೊಬ್ಬರನ್ನ ಅಳೆದ ದಾರ ಒಳಗಿಟ್ರೆ ಮಾತ್ರ ಅವನನ್ನ ಬಿಟ್ಟು ಅವರನ್ನ ಹಿಡಿಯತ್ತೆ.”

ನಕ್ಷೆಗಾರ ನಕ್ಕ ನಗುವಿಗೆ ಮಾಡಿನ ಪಾರಿವಾಳಗಳೆಲ್ಲ ಒಟ್ಟಿಗೇ ಎದ್ದು, ಸೂರ್ಯನೇ ಒಂದು ಗಳಿಗೆ ಕಾಣೆಯಾದ.

“ಊರವರ ಮನೆಯೆಲ್ಲ ಅಳೆಯೋನು ನಾನು, ಅಜ್ಜಿ! ನನ್ನನ್ನ ಅಳೆದೋಳು ನಮ್ಮಕ್ಕ ಒಬ್ಬಳೇ. ಇವತ್ತು ಬೆಳಿಗ್ಗೆ, ಅಂಗಿಗೆ ಅಂತ. ಯಾಕೆ, ನಿಮ್ಮ ಗೋಡೆಗೂ ಒಂದು ಹೊಲಿಸಬೇಕಾ?”

ಮುದುಕಿ ಪೊರಕೆಯನ್ನು ಅಲ್ಲೇ ಬಿಟ್ಟು ಹೊರಟುಹೋದಳು.

ಆರುನೂರು ವರ್ಷದ ಮನೆ ಅದು. ಅದರ ಕಮಾನುಗಳ ಕೆಳಗೆ ಕೆಮ್ಮಿದರೆ, ಊಟ ಮುಗಿಸಿ ಕೈ ತೊಳೆಯುವ ಹೊತ್ತಿಗೆ ಪ್ರತಿಧ್ವನಿ ವಾಪಸು ಬರುತ್ತಿತ್ತು. ತೋಟದ ಗೋಡೆಯಂತೂ ಎಷ್ಟು ದಪ್ಪವೆಂದರೆ, ಹೊರಮಗ್ಗುಲಲ್ಲಿ ಇವತ್ತಿನ ಬಿಸಿಲಿದ್ದರೆ ಒಳಮಗ್ಗುಲಲ್ಲಿ ನಿನ್ನೆಯ ಮಂಜು. ಅಂಥ ಗೋಡೆಯಲ್ಲಿ ಆಳೆತ್ತರದ ಕಂಡಿಯೊಂದು ಬಿದ್ದಿತ್ತು. ಅದನ್ನು ಮುಚ್ಚುತ್ತಿದ್ದವನು ಗಾರೆಯವನಾದ ಭಾವ. ಮನೆಯ ನಕ್ಷೆ ಬರೆಯುವ ಕೆಲಸ ಇದೆ, ಬಾ ಎಂದು ಕರೆಸಿದವಳು ಅಕ್ಕ. ತಾಯಿಯಿಲ್ಲದ ತಮ್ಮನನ್ನು ತುತ್ತಿಟ್ಟು ಬೆಳೆಸಿದವಳು.

ಮಧ್ಯಾಹ್ನ ಭಾವ ಕಡೆಯ ಕಲ್ಲಿಟ್ಟ. ಹಸಿ ಸುಣ್ಣದ ಘಾಟಿನಡಿ ಮುಚ್ಚಿಟ್ಟ ಬಾವಿಯಂಥ ವಾಸನೆ ಎದ್ದಿತು. ಗೋಡೆಯೊಳಗೆ ಯಾರೋ ಮಗ್ಗುಲು ಬದಲಿಸಿದ ಸದ್ದು.

ನಕ್ಷೆಗಾರ ಹೆಜ್ಜೆ ಎತ್ತಲು ಹೋದ. ಕಾಲು ಬರಲಿಲ್ಲ. ಮೊಣಕಾಲಿಗೆ ಅಳತೆಪಟ್ಟಿಯಿಂದ ಕುಟ್ಟಿದ. ಟಣ್ ಎಂದಿತು. ಕಲ್ಲು.

ಆಗ ಕಂಡಿತು. ಹಸಿ ಗಾರೆಯಿಂದ ಇಣುಕುತ್ತಿದ್ದ ನೀಲಿ ದಾರ. ಹೆಗಲಿಗೊಂದು, ಸೊಂಟಕ್ಕೊಂದು, ಮುಂಗೈಗೊಂದು ಎಂದು ಬೆಳಿಗ್ಗೆ ಅಕ್ಕ ಹಾಕಿದ್ದ ಗಂಟುಗಳು.

“ಭಾವಾ, ಈ ದಾರ...”

ಭಾವ ತಿರುಗಲಿಲ್ಲ. “ಮೊದಲ ಕಲ್ಲಿಟ್ಟಾಗ ನಾನೂ ನಿನ್ನ ಹಾಗೇ ನಕ್ಕಿದ್ದೆ ಕಣೋ. ಮಾರನೇ ದಿನ ನನ್ನ ಪಾದ ಕಲ್ಲಾಗಿತ್ತು. ನಾನಾಗಿ ಕೇಳ್ಲಿಲ್ಲ. ನಿಮ್ಮಕ್ಕನೇ ದಾರ ತಂದುಕೊಟ್ಲು.”

ನಕ್ಷೆಗಾರ ದಾರ ಹಿಡಿದು ಎಳೆದ. ಒಂದು ಗಂಟು ಹೊರಬಂತು. ಅವನ ಪಾದ ಬೆಚ್ಚಗಾಯಿತು. ಭಾವನ ಕೈಯಿಂದ ಕರಣೆ ಬಿತ್ತು. ಇನ್ನೊಂದು ಗಂಟು. ಭಾವ ಸುಣ್ಣ ಕೆಮ್ಮುತ್ತ ಕುಸಿದುಬಿದ್ದ. ತುಟಿ ಬೆಳ್ಳಗಾಯಿತು. ಇನ್ನೊಂದೇ ಗಂಟು. ಒಂದೇ ಒಂದು.

ಮುಂಗೈಯನ್ನು ಯಾರೋ ಹಿಡಿದರು. ಕೈ ಹಿಡಿದು ಅಕ್ಷರ ತಿದ್ದಿಸಿದ ಅದೇ ಕೈ.

“ಬಿಡೋ ಪುಟ್ಟಾ,” ಎಂದಳು ಅಕ್ಕ. ತೋಟದ ಬಾಗಿಲಿಂದ ಓಡಿಬಂದು ಏದುಸಿರು ಬಿಡುತ್ತಿದ್ದಳು. “ನನ್ನ ಮಕ್ಕಳು ಇನ್ನೂ ಚಿಕ್ಕವು ಕಣೋ.”

“ಮತ್ತೆ ನಾನು?”

ಅಕ್ಕ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ದಾರವನ್ನು ಒಳಕ್ಕೆ ತುರುಕಿದಳು. ಮೇಲೆ ಗಾರೆ ಮೆತ್ತಿ ಅಂಗೈಯಿಂದ ಸವರಿದಳು, ಜ್ವರ ಬಂದಾಗ ಅವನ ಹಣೆ ಸವರುತ್ತಿದ್ದಷ್ಟೇ ಮೆತ್ತಗೆ.

ಭಾವ ಎದ್ದು ಕೂತ. ಉಸಿರೆಳೆದ.

ತಂಪು ಮೇಲೇರಿತು. ಸೊಂಟ. ಎದೆ. ಬಾಯಲ್ಲಿ ಸುಣ್ಣ. ಕುತ್ತಿಗೆ ಕಟ್ಟುವ ಮೊದಲು ಒಂದೇ ಮಾತಿಗೆ ಜಾಗವಿತ್ತು.

“ಅಂಗಿಗೆ ಯಾವ ಬಣ್ಣದ ಬಟ್ಟೆ ತಂದಿದ್ದೆ, ಅಕ್ಕಾ?”

ಅಕ್ಕ ಅಂಗೈಯ ಗಾರೆ ಉಜ್ಜಿಕೊಂಡಳು.

“ತಂದೇ ಇರ್ಲಿಲ್ಲ ಕಣೋ.”